ನಾಯಿ, ಬೆಕ್ಕುಗಳ ಚಿಕಿತ್ಸೆಯಲ್ಲಿ ಪ್ರತಿಜೈವಿಕಗಳ ಹೊಣೆಯರಿತ ಬಳಕೆ

ನಾಯಿ, ಬೆಕ್ಕುಗಳಿಗೆ ಪ್ರತಿಜೈವಿಕಗಳನ್ನು, ಅಂದರೆ ಆ್ಯಂಟಿಬಯೋಟಿಕ್‌ಗಳನ್ನು, ಬೇಕಾದಾಗ ಮಾತ್ರ, ಬೇಕಾದಷ್ಟೇ ದಿನ ಬರೆದುಕೊಡುವ ಪದ್ಧತಿ. ಇದರ ಇತಿಹಾಸವನ್ನು ಬ್ರಿಟನ್ನಿನ 1969ರ ಸ್ವಾನ್ ವರದಿಯಿಂದ ಆರಂಭಿಸುವ ವಾಡಿಕೆಯಿದೆ. ಆದರೆ ಆ ವರದಿಯ ಚಿಂತೆಯೆಲ್ಲ ಹಂದಿ, ಕೋಳಿ, ದನಗಳ ಮೇವಿಗೆ ಬೆರೆಸುತ್ತಿದ್ದ ಔಷಧಗಳದ್ದು. ಮನೆಯೊಳಗೆ ಮಲಗುವ ನಾಯಿಗೆ ಬರೆದ ಚೀಟಿ ಬಹುಕಾಲ ಹೆಚ್ಚುಕಡಿಮೆ ಲೆಕ್ಕಕ್ಕೇ ಬರಲಿಲ್ಲ.

1988ರಲ್ಲಿ ಬ್ರಿಟನ್ನಿನ ಒಂದು ಪ್ರಕರಣ ವರದಿಯಾಯಿತು. ವೃದ್ಧರ ವಾರ್ಡಿನಲ್ಲಿ ಓಡಾಡಿಕೊಂಡಿದ್ದ ಬೆಕ್ಕಿನ ಪಂಜದಲ್ಲೂ ತುಪ್ಪಳದಲ್ಲೂ ಮೆಥಿಸಿಲಿನ್ ಎಂಬ ಪ್ರತಿಜೈವಿಕಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಸಿಕ್ಕಿತ್ತು. ಬೆಕ್ಕನ್ನು ಹೊರಗೆ ಕಳಿಸಿ ಶುಚಿತ್ವ ಬಿಗಿಗೊಳಿಸಿದ ಮೇಲೆ ಸೋಂಕು ಇಳಿಯಿತು. ಬೆಕ್ಕು ರೋಗಿಗಳಿಗೆ ಅಂಟಿಸಿತೋ, ರೋಗಿಗಳಿಂದ ಅಂಟಿಸಿಕೊಂಡಿತೋ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ.

ನಾಯಿಗಳ ಚರ್ಮದ ಮುಖ್ಯ ರೋಗಾಣುವಿನ ದಾಖಲೆ ಇನ್ನೂ ಗೋಜಲು. 1976ರಲ್ಲಿ ವರ್ಣಿಸಲಾದ ಸ್ಟ್ಯಾಫಿಲೊಕಾಕಸ್ ಇಂಟರ್‌ಮೀಡಿಯಸ್ ಎಂಬ ಹೆಸರೇ ಮೂರು ದಶಕ ಚಾಲ್ತಿಯಲ್ಲಿತ್ತು. 2005ರಲ್ಲಿ ಬೆಕ್ಕು, ನಾಯಿ, ಕುದುರೆ, ಗಿಳಿಗಳಿಂದ ಪಡೆದ ಮಾದರಿಗಳ ಆಧಾರದ ಮೇಲೆ ಸ್ಯೂಡಿಂಟರ್‌ಮೀಡಿಯಸ್ ಎಂಬ ಹೊಸ ಪ್ರಭೇದವನ್ನು ಗುರುತಿಸಿದರು. ನಾಯಿಗಳಲ್ಲಿ ಸಿಗುತ್ತಿದ್ದದ್ದು ಇದೇ ಎಂದು 2007ರಲ್ಲಿ ಗೊತ್ತಾಯಿತು. ಹಳೆಯ ಹೆಸರು ಪಾರಿವಾಳಗಳ ಪ್ರಭೇದಕ್ಕೆ ಉಳಿಯಿತು. ಹಾಗಾಗಿ 2007ಕ್ಕೆ ಮುಂಚಿನ ಪ್ರಬಂಧಗಳಲ್ಲಿ ನಾಯಿಯ 'ಇಂಟರ್‌ಮೀಡಿಯಸ್' ಎಂದು ಕಂಡರೆ ಬಹುಪಾಲು ಸ್ಯೂಡಿಂಟರ್‌ಮೀಡಿಯಸ್ ಎಂದೇ ಓದಿಕೊಳ್ಳಬೇಕು. ಇದರ ಮೆಥಿಸಿಲಿನ್ ನಿರೋಧಕ ಮಾದರಿಗಳಲ್ಲಿ ಯೂರೋಪಿನಲ್ಲಿ ಎಸ್‌ಟಿ71, ಉತ್ತರ ಅಮೆರಿಕದಲ್ಲಿ ಎಸ್‌ಟಿ68 ಎಂಬ ಒಂದೊಂದು ವಂಶವೇ ಮೇಲುಗೈ ಪಡೆದಿದೆ ಎಂದು 2010ರ ಅಧ್ಯಯನ ತೋರಿಸಿತು. ನಿಜವಾದ ತಿರುವು ಇದು. ಬಾಯಿಂದ ಕೊಡುವ ಮಾತ್ರೆಗಳಲ್ಲಿ ಯಾವುದೂ ನಾಟದ ನಾಯಿಗಳು ಚಿಕಿತ್ಸಾಲಯಕ್ಕೆ ಬರತೊಡಗಿದ್ದವು. ಗುಳ್ಳೆಯ ಕೀವನ್ನು ಗಾಜಿನ ಪಟ್ಟಿಗೆ ಒತ್ತಿ, ಬಣ್ಣ ಹಾಕಿ, ಬಿಳಿರಕ್ತಕಣದೊಳಗೆ ದುಂಡಾಣುಗಳಿವೆಯೇ ಎಂದು ನೋಡುವ ಕೆಲವೇ ನಿಮಿಷಗಳ ಕೆಲಸಕ್ಕೆ ಹೊಸ ಬೆಲೆ ಬಂತು. ಕ್ಲೋರ್‌ಹೆಕ್ಸಿಡಿನ್ ಶಾಂಪೂವಿಗೂ ಬಂತು.

ಮಾರ್ಗಸೂಚಿಗಳಲ್ಲಿ ಹೆಚ್ಚು ಚರ್ಚೆಯಾದದ್ದು ದಿನಗಳ ಲೆಕ್ಕ. ನಾಯಿಯ ಸಾಮಾನ್ಯ ಮೂತ್ರಕೋಶದ ಸೋಂಕಿಗೆ ಎರಡು ವಾರ ಮಾತ್ರೆ ಕೊಡುವುದು ರೂಢಿಯಾಗಿತ್ತು. ಅಂತರರಾಷ್ಟ್ರೀಯ ತಜ್ಞರ ಸಂಘ ಐಎಸ್‌ಸಿಎಐಡಿ 2011ರಲ್ಲಿ ಏಳು ದಿನ ಸಾಕೆಂದಿತು. 2019ರಲ್ಲಿ ಮೂರರಿಂದ ಐದು ದಿನ ಎಂದಿತು. ಈ ಇಳಿಕೆಗೆ ಒದಗಿದ ಆಧಾರಗಳಲ್ಲೊಂದು 2012ರ ಅಧ್ಯಯನ. ಅದರಲ್ಲಿ ಮೂರು ದಿನದ ಎನ್ರೊಫ್ಲಾಕ್ಸಾಸಿನ್ ಹದಿನಾಲ್ಕು ದಿನದ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಕಡಿಮೆಯಿಲ್ಲವೆಂದು ಕಂಡಿತು. ಆದರೆ ಎನ್ರೊಫ್ಲಾಕ್ಸಾಸಿನ್ ಕೊನೆಯ ಸಾಲಿಗೆ ಕಾದಿಡಬೇಕಾದ ಗುಂಪಿನದು. ಅದರ ಫಲಿತಾಂಶವನ್ನು ಇತರ ಔಷಧಗಳಿಗೂ ಅನ್ವಯಿಸುವಾಗ ಎಚ್ಚರ ಬೇಕು. ಇನ್ನು ಎಳೆಯ ಬೆಕ್ಕುಗಳ ಉರಿಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದೇ ವಿರಳ. ಅಲ್ಲಿ ಪ್ರತಿಜೈವಿಕವನ್ನೇ ಬರೆಯದಿರುವುದು ಸರಿಯಾದ ಚಿಕಿತ್ಸೆ.

ಕಾನೂನುಗಳು ನಂತರ ಬಂದವು. ಜರ್ಮನಿ 2018ರಿಂದ ಕೆಲವು ಗುಂಪಿನ ಔಷಧಗಳಿಗೆ ಸಂವೇದನಾ ಪರೀಕ್ಷೆಯನ್ನು, ಅಂದರೆ ರೋಗಾಣು ಔಷಧಕ್ಕೆ ಬಗ್ಗುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು, ವಿಧಿಸಿತು. ಯೂರೋಪಿಯನ್ ಒಕ್ಕೂಟದ ಪಶುಔಷಧ ನಿಯಮ 2022ರ ಜನವರಿ 28ರಿಂದ ಜಾರಿಯಲ್ಲಿದೆ. ಭಾರತದಲ್ಲಿ 2014ರಿಂದ ಅನ್ವಯವಾದ ಎಚ್‌1 ಪಟ್ಟಿಯ ಔಷಧ ಮಾರುವಾಗ ಅಂಗಡಿಯವರು ಚೀಟಿ ಬರೆದ ವೈದ್ಯರ, ರೋಗಿಯ ಹೆಸರನ್ನು ಪುಸ್ತಕದಲ್ಲಿ ನಮೂದಿಸಬೇಕು. ನಾಯಿಗಳ ಚರ್ಮರೋಗಕ್ಕೆ ಬಳಸುವ ಸೆಫ್‌ಪೊಡಾಕ್ಸಿಮ್ ಆ ಪಟ್ಟಿಯಲ್ಲಿದೆ.