ಕಾಲೇಜು ಆವರಣದ ಸಮುದಾಯ ಕೈತೋಟ: ಹಾಸನ ಸೀಮೆಗೆ ಬೆಳೆ ಆಯ್ಕೆ ಮತ್ತು ನಿರ್ವಹಣೆ

ಶಿಕ್ಷಣ ಸಂಸ್ಥೆಯ ಆವರಣದ ಭೂಮಿಯನ್ನು ವಿದ್ಯಾರ್ಥಿಗಳು, ಸಿಬ್ಬಂದಿ ಹಾಗೂ ನೆರೆಯ ನಿವಾಸಿಗಳು ಮಡಿಗಳಾಗಿ ಹಂಚಿಕೊಂಡು, ನೀರು, ಗೊಬ್ಬರ ಮತ್ತು ಸಲಕರಣೆಗಳನ್ನು ಒಟ್ಟಾಗಿ ಬಳಸಿ ತರಕಾರಿ ಬೆಳೆಯುವ ಪದ್ಧತಿಯೇ ಸಮುದಾಯ ಕೈತೋಟ. ಹಾಸನ ಸಮೀಪದ ಕಾರೆಕೆರೆಯ ಕೃಷಿ ಮಹಾವಿದ್ಯಾಲಯದಂತಹ ಆವರಣಗಳಿಗೆ ಇದು ಬಹಳ ಸೂಕ್ತ. ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಡಿ ಹಳ್ಳಿಗಳಲ್ಲಿ ತಂಗುವುದರಿಂದ, ಇಲ್ಲಿ ಕಲಿತದ್ದು ರೈತರ ಹಿತ್ತಲಿಗೂ ತಲುಪುತ್ತದೆ. ಆದರೆ ಆಲೂಗಡ್ಡೆ ಸೀಮೆಯ ನಡುವಿನ ಕೈತೋಟಕ್ಕೆ ಸುತ್ತಲಿನ ಹೊಲಗಳ ಹೊಣೆಯೂ ಇರುತ್ತದೆ.

ಮೇ-ಜೂನ್ ತಿಂಗಳಲ್ಲಿ ನಾಟಿಯಾಗುವ ಮುಂಗಾರು ಆಲೂಗಡ್ಡೆಗೆ ಅಂಗಮಾರಿ ರೋಗವೇ ದೊಡ್ಡ ಶತ್ರು. ತಂಪು ಹವೆ, ಸತತ ಮೋಡ ಹಾಗೂ ಜಿಟಿಜಿಟಿ ಮಳೆಯಲ್ಲಿ ಇದು ಕೆಲವೇ ದಿನಗಳಲ್ಲಿ ಹೊಲವನ್ನೇ ಸುಟ್ಟಂತೆ ಮಾಡುತ್ತದೆ. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ದುಬಾರಿ ಬಿತ್ತನೆ ಗೆಡ್ಡೆಗೆ ಹಣ ಹೂಡಿದ ರೈತನಿಗೆ ಇದರ ನಷ್ಟ ಸಣ್ಣದಲ್ಲ. ಅದೇ ಶಿಲೀಂಧ್ರಸದೃಶ ರೋಗಾಣು ಟೊಮೆಟೊವಿಗೂ ತಗಲುತ್ತದೆ. ಆದ್ದರಿಂದ ಮುಂಗಾರಿನಲ್ಲಿ ಸಮುದಾಯ ಕೈತೋಟದಿಂದ ಆಲೂಗಡ್ಡೆ, ಟೊಮೆಟೊ ಎರಡನ್ನೂ ಹೊರಗಿಡುವುದೇ ಲೇಸು. ಹಾಸ್ಟೆಲ್ ಅಡುಗೆಮನೆಯ ಕೊಳೆತ, ಮೊಳೆತ ಗೆಡ್ಡೆಗಳನ್ನು ಕಾಂಪೋಸ್ಟ್ ಗುಂಡಿಗೆ ಎಸೆಯಬಾರದು. ಅಲ್ಲಿ ತಾನಾಗಿ ಚಿಗುರಿದ ಗಿಡ ಯಾರ ಕಣ್ಣಿಗೂ ಬೀಳದೆ ರೋಗದ ಮೂಲವಾಗಬಲ್ಲದು. ಅಂಥವನ್ನು ಎರಡು ಅಡಿ ಆಳದಲ್ಲಿ ಹೂಳಬೇಕು.

ಅರಕಲಗೂಡು ಭಾಗದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ತಂಬಾಕಿನ ನಂಜು ರೋಗವು ಕೈ ಹಾಗೂ ಉಪಕರಣಗಳ ಮೂಲಕ ಟೊಮೆಟೊ, ಮೆಣಸಿನ ಗಿಡಗಳಿಗೆ ಹರಡುತ್ತದೆ. ತಂಬಾಕು ಸಸಿ ಮುಟ್ಟಿದವರು, ಬೀಡಿ ಸೇದಿದವರು ಸೋಪಿನಿಂದ ಕೈ ತೊಳೆದೇ ಮಡಿಗೆ ಇಳಿಯಬೇಕು. ಬದನೆ, ಮೆಣಸಿನಕಾಯಿ, ಟೊಮೆಟೊ ಒಂದೇ ಕುಟುಂಬದವಾದ್ದರಿಂದ ಒಂದರ ಹಿಂದೆ ಒಂದನ್ನು ಅದೇ ಮಡಿಯಲ್ಲಿ ಹಾಕಿದರೆ ದುಂಡಾಣು ಸೊರಗು ರೋಗ ನೆಲೆಯೂರುತ್ತದೆ.

ಒಂದು ಗುಂಟೆಯಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ಸುಮಾರು 15 ಮಡಿಗಳನ್ನು ಓಡಾಟದ ದಾರಿ ಬಿಟ್ಟು ಮಾಡಬಹುದು. ಪ್ರತಿ ಮಡಿಗೆ 10 ಕಿ.ಗ್ರಾಂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಮುಂಗಾರಿಗೆ ದಂಟು, ಬೆಂಡೆ (ಅರ್ಕಾ ಅನಾಮಿಕಾ), ಪೊದೆ ಹುರುಳಿಕಾಯಿ (ಅರ್ಕಾ ಕೋಮಲ್) ಹಾಗೂ ಯಾವ ಕಾಲದಲ್ಲಾದರೂ ಹೂ ಬಿಡುವ ಹೆಬ್ಬಾಳ ಅವರೆ-4 ಸೂಕ್ತ. ಸೊಗಡಿನ ಅವರೆಯ ರುಚಿಯೇ ಬೇಕೆನ್ನುವವರು ಚಳಿಗಾಲದವರೆಗೆ ಕಾಯಬೇಕಷ್ಟೇ!

ಚನ್ನರಾಯಪಟ್ಟಣದ ತೆಂಗಿನ ತೋಟಗಳ ಭಾಗದಲ್ಲಿ ತೆಂಗಿನ ಗರಿ, ಸಿಪ್ಪೆಗಳ ಹೊದಿಕೆಯಿಂದ ತೇವ ಉಳಿಸಬಹುದು. ಹೊಳೆನರಸೀಪುರದ ನಾಲಾ ಬಯಲಿನಲ್ಲಿ ಸಮಸ್ಯೆ ತದ್ವಿರುದ್ಧ; ಅಲ್ಲಿ ನೀರು ನಿಲ್ಲದಂತೆ ಅರ್ಧ ಅಡಿ ಎತ್ತರದ ಏರುಮಡಿ ಅವಶ್ಯ.

ಹಂಚಿಕೊಂಡ ತೋಟದಲ್ಲಿ ಒಬ್ಬರು ಸಿಂಪಡಿಸಿದ ಔಷಧಿ ಮತ್ತೊಬ್ಬರು ನಾಳೆ ಕೊಯ್ಯುವ ಸೊಪ್ಪಿನ ಮೇಲೆ ಬೀಳುತ್ತದೆ. ಹೀಗಾಗಿ ಒಪ್ಪಿಗೆಯಿಲ್ಲದೆ ಯಾರೂ ರಾಸಾಯನಿಕ ಸಿಂಪಡಿಸಬಾರದೆಂಬ ನಿಯಮ ಮೊದಲ ದಿನವೇ ಆಗಬೇಕು. ಇಂತಹ ತೋಟಗಳು ಹೆಚ್ಚಾಗಿ ಹಾಳಾಗುವುದು ಕೀಟದಿಂದಲ್ಲ, ಸೆಮಿಸ್ಟರ್ ರಜೆಯಿಂದ. ರಜೆಗೆ ಒಂದು ತಿಂಗಳು ಮೊದಲು ಹೊಸ ಬಿತ್ತನೆ ನಿಲ್ಲಿಸಿ, ಖಾಲಿಯಾದ ಮಡಿಗಳಿಗೆ ಸೆಣಬು ಅಥವಾ ಅಲಸಂದೆಯನ್ನು ಹಸಿರೆಲೆ ಗೊಬ್ಬರಕ್ಕಾಗಿ ಚೆಲ್ಲಬೇಕು. ಫಸಲಿರುವ ಮಡಿಗಳನ್ನು ಆವರಣದಲ್ಲೇ ವಾಸಿಸುವ ಸಿಬ್ಬಂದಿ ಕುಟುಂಬಗಳಿಗೆ ಬರವಣಿಗೆಯಲ್ಲಿ ವಹಿಸಿಕೊಟ್ಟು, ರಜೆಯಲ್ಲಿ ಕೊಯ್ದ ಕಾಯಿ-ಸೊಪ್ಪು ಅವರಿಗೇ ಸೇರುವಂತೆ ಮಾಡಬೇಕು.