ಮೇಲ್ಮನೆಯ ಎಪ್ಪತ್ತೈದನೇ ಸ್ಥಾನ

ಕರ್ನಾಟಕ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳಿವೆ. ಶಾಸಕರು ಆರಿಸುವವು 25, ಸ್ಥಳೀಯ ಸಂಸ್ಥೆಗಳವು 25, ಪದವೀಧರ ಹಾಗೂ ಶಿಕ್ಷಕರ ಕ್ಷೇತ್ರಗಳವು ತಲಾ 7, ರಾಜ್ಯಪಾಲರು ನಾಮನಿರ್ದೇಶನ ಮಾಡುವವು 11. ಈ ಒಟ್ಟು ಸಂಖ್ಯೆ ಸಂವಿಧಾನದ 171(1)ನೇ ವಿಧಿಯ ಮಿತಿಯೊಳಗೆ ಇದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಪರಿಷತ್ತಿನ ಸದಸ್ಯಬಲ ವಿಧಾನಸಭೆಯ ಒಟ್ಟು ಸದಸ್ಯಬಲದ ಮೂರನೇ ಒಂದು ಭಾಗವನ್ನು ಮೀರಕೂಡದು ಎನ್ನುತ್ತದೆ ಆ ವಿಧಿ. (1956ರ ಏಳನೇ ತಿದ್ದುಪಡಿಗೆ ಮೊದಲು ಮಿತಿ ನಾಲ್ಕನೇ ಒಂದು ಭಾಗವಿತ್ತು.) ನಮ್ಮ ವಿಧಾನಸಭೆಗೆ ಚುನಾಯಿತರಾಗುವವರು 224 ಮಂದಿ. ಮೂರನೇ ಒಂದು ಭಾಗವೆಂದರೆ 74.67. ಹಾಗಿದ್ದರೆ 75 ಹೇಗೆ ಸರಿಹೊಂದಿತ್ತು? 333ನೇ ವಿಧಿಯಡಿ ನಾಮನಿರ್ದೇಶನಗೊಳ್ಳುತ್ತಿದ್ದ ಒಬ್ಬ ಆಂಗ್ಲೋ-ಇಂಡಿಯನ್ ಸದಸ್ಯರನ್ನು ಸೇರಿಸಿದರೆ ಸಭೆಯ ಬಲ 225. ಮೂರರಿಂದ ಭಾಗಿಸಿದರೆ ಶೇಷವಿಲ್ಲದೆ 75.

2020ರ ಜನವರಿ 25ರಂದು ಜಾರಿಗೆ ಬಂದ 104ನೇ ತಿದ್ದುಪಡಿ ಈ ನಾಮನಿರ್ದೇಶನವನ್ನು ಮುಂದುವರಿಸಲಿಲ್ಲ. ಆಗಿದ್ದ ಸಭೆ ವಿಸರ್ಜನೆಯಾಗುವವರೆಗೆ ಹಳೆಯ ಪ್ರಾತಿನಿಧ್ಯಕ್ಕೆ ರಕ್ಷಣೆಯಿತ್ತು. 2023ರಲ್ಲಿ ರಚನೆಯಾದ ವಿಧಾನಸಭೆಯಲ್ಲಿ 224 ಸದಸ್ಯರಷ್ಟೇ. ಮೇಲ್ಮನೆ ಮಾತ್ರ 75ರಲ್ಲೇ ನಿಂತಿದೆ.

ತೆಲಂಗಾಣದ ಲೆಕ್ಕವೂ ಹೀಗೆಯೇ. 119ರ ಜೊತೆ ಒಬ್ಬರು ಸೇರಿದಾಗ ಪರಿಷತ್ತಿನ 40 ಸ್ಥಾನಗಳಿಗೆ ಸರಿಯಾಗುತ್ತಿತ್ತು; ಈಗ 39.67. ಆದರೆ ಪರಿಷತ್ತು 40ಕ್ಕಿಂತ ಚಿಕ್ಕದಿರಕೂಡದೆಂಬ ಪರಂತುಕ ಅದೇ ವಿಧಿಯಲ್ಲಿದೆ, ತೆಲಂಗಾಣ ಅದರ ಆಸರೆಯಲ್ಲಿ ಪಾರಾಗುತ್ತದೆ. ಕರ್ನಾಟಕಕ್ಕೆ ಆ ಆಸರೆಯಿಲ್ಲ.

ಭಿನ್ನಾಂಕವನ್ನು ಮೇಲಕ್ಕೆ ಸರಿಸಿಕೊಂಡರಾಯಿತು ಎನ್ನಬಹುದು. ಮಂತ್ರಿಮಂಡಲದ ವಿಷಯದಲ್ಲಿ ರೂಢಿ ಹಾಗೆಯೇ ಇದೆ: 164(1ಎ) ವಿಧಿಯ ಪ್ರಕಾರ 224ರ ಶೇ. 15 ಎಂದರೆ 33.6, ಆದರೂ 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸೇರಿ 34 ಮಂದಿಯ ಸಂಪುಟ ತುಂಬಿತು. ನನಗೆ ಈ ವಾದ ಒಪ್ಪಿಗೆಯಿಲ್ಲ. 171(3)ರಲ್ಲಿ ಕ್ಷೇತ್ರವಾರು ಹಂಚಿಕೆಗೆ ‘ಆದಷ್ಟು ಹತ್ತಿರ’ ಎಂಬ ಸಡಿಲಿಕೆ ಇದೆ. 75ರ ಹನ್ನೆರಡನೇ ಒಂದು ಭಾಗ 6.25 ಆದರೂ ಶಿಕ್ಷಕರಿಗೆ 7 ಸ್ಥಾನ ಕೊಡಲು ಸಾಧ್ಯವಾದದ್ದು ಅದರಿಂದ. 171(1)ರಲ್ಲಿ ಅಂಥ ಸಡಿಲಿಕೆ ಇಲ್ಲ. ಒಂದೇ ವಿಧಿಯಲ್ಲಿ ಒಂದೆಡೆ ಕೊಟ್ಟು ಇನ್ನೊಂದೆಡೆ ಕೊಡದಿದ್ದುದನ್ನು ನಾವಾಗಿ ಸೇರಿಸಿ ಓದುವಂತಿಲ್ಲ.

ಇದರಿಂದ ಪರಿಷತ್ತು ಅಂಗೀಕರಿಸಿದ ಮಸೂದೆಗಳು ಬಿದ್ದುಹೋಗವು. ಅರ್ಹತೆಯಿಲ್ಲದವರು ಕೂತು ಮತ ಹಾಕಿದ್ದು ಆಮೇಲೆ ಗೊತ್ತಾದರೂ ಕಲಾಪಕ್ಕೆ ಬಾಧೆಯಿಲ್ಲವೆಂದು 189(2) ಹೇಳುತ್ತದೆ. ಇಲ್ಲಿಗೂ ಅದೇ ನ್ಯಾಯ ಅನ್ವಯಿಸಬೇಕು. ಸ್ಥಾನಗಳ ಸಂಖ್ಯೆ ಇರುವುದು 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ. ಅದನ್ನು ತಿದ್ದುವ ಅಧಿಕಾರ ಸಂಸತ್ತಿನದು. ವಿಧಾನಸಭೆಯ ಬಲ 224 ಇರುವವರೆಗೆ ಅಲ್ಲಿ 74 ಎಂದೇ ಇರಬೇಕು.