ನಗೆಯ ಮೇಜಿನಿಂದ ಅಣುಬಾಂಬ್ ವಿರೋಧಿ ಸಭೆಗೆ

ಒಂದು ಮೇಜು, ಅದರ ಹಿಂದೆ ನಗುಮುಖದ ನಿರೂಪಕ, ಪಕ್ಕದ ಕುರ್ಚಿಯಲ್ಲಿ ಅತಿಥಿ. ದೂರದರ್ಶನದ ಪರದೆಯ ಮೇಲೆ ಈ ದೃಶ್ಯವನ್ನು ನೀವು ಎಷ್ಟು ಸಲ ನೋಡಿದ್ದೀರೋ! ಇದಕ್ಕೆ ರೂಪ ಕೊಟ್ಟವರಲ್ಲಿ ಅಮೆರಿಕದ ಸ್ಟೀವ್ ಅಲೆನ್ ಪ್ರಮುಖರು. 1954ರ ಸೆಪ್ಟೆಂಬರ್ 27ರಂದು ಎನ್‌ಬಿಸಿ ಜಾಲದಲ್ಲಿ ಆರಂಭವಾದ ‘ಟುನೈಟ್’ ಕಾರ್ಯಕ್ರಮದ ಮೊದಲ ನಿರೂಪಕರು ಅವರೇ.

1921ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅಲೆನ್‌ಗೆ ಹಾಸ್ಯ ಮನೆತನದ ಕಸುಬು. ತಂದೆತಾಯಿ ಇಬ್ಬರೂ ರಂಗದ ಮೇಲೆ ಜನರನ್ನು ನಗಿಸಿ ಬದುಕಿದವರು. ಪತ್ರಿಕೆಗಳಿಗೆ ಓದುಗರು ಬರೆದ ಸಿಟ್ಟಿನ ಪತ್ರಗಳನ್ನು, ತಲೆಗೆ ಟೋಪಿ ಏರಿಸಿ, ಅದೇ ಸಿಟ್ಟಿನಿಂದ ಕೂಗಾಡುತ್ತಾ ಓದುವುದು ಅವರ ಜನಪ್ರಿಯ ಪ್ರಸಂಗಗಳಲ್ಲೊಂದು. ಪತ್ರಗಳು ನಿಜವಾದವು, ಹಾಸ್ಯವೆಲ್ಲ ದನಿಯಲ್ಲಿ. ಸಿಟ್ಟು ಎಷ್ಟು ಬೇಗ ಹಾಸ್ಯಾಸ್ಪದವಾಗುತ್ತದೆಂದು ಚೆನ್ನಾಗಿ ಬಲ್ಲ ಬರಹಗಾರ ಅವರು.

ಆದರೆ ಅದೇ ವರ್ಷ ನಗಲಾಗದ ಸಂಗತಿಯೂ ನಡೆದಿತ್ತು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯ 23 ಮಂದಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ಒಂದು ತಿಂಗಳ ನಂತರ, ಏಪ್ರಿಲ್ 2ರಂದು, ನಮ್ಮ ಲೋಕಸಭೆಯಲ್ಲಿ ನೆಹರೂ ಇಂಥ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕರೆ ಕೊಟ್ಟರು. ದೊಡ್ಡ ರಾಷ್ಟ್ರಗಳು ಕಿವಿಗೊಡಲಿಲ್ಲ. ಗಾಳಿಗೆ ಸೇರಿದ ಸ್ಟ್ರಾನ್ಷಿಯಂ-90 ಮಳೆಯೊಂದಿಗೆ ಹುಲ್ಲಿಗಿಳಿದು, ಹಸುವಿನ ಹಾಲಿನ ಮೂಲಕ ಮಕ್ಕಳ ಮೂಳೆ ಸೇರುತ್ತಿತ್ತು. ದೇಹ ಅದನ್ನು ಸುಣ್ಣದಂಶವೆಂದೇ ಭ್ರಮಿಸುತ್ತದೆ. ಸೇಂಟ್ ಲೂಯಿಸ್ ನಗರದಲ್ಲಿ ತಾಯಂದಿರು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಪರೀಕ್ಷೆಗೆ ಕೊಟ್ಟರು. ಹಾಗೆ ಕೂಡಿದ ಹಲ್ಲುಗಳು 3 ಲಕ್ಷಕ್ಕೂ ಹೆಚ್ಚು!

ಇಂಥ ಪರೀಕ್ಷೆಗಳ ವಿರುದ್ಧ 1957ರಲ್ಲಿ ಹುಟ್ಟಿದ ಸಂಘಟನೆ ‘ಸೇನ್’. ಇಂಗ್ಲಿಷಿನಲ್ಲಿ ಆ ಮಾತಿಗೆ ಬುದ್ಧಿ ನೆಟ್ಟಗಿರುವ ಎಂದರ್ಥ. ಅದರ ಹಾಲಿವುಡ್ ಶಾಖೆಯನ್ನು 1959ರಲ್ಲಿ ಕಟ್ಟಿದವರು ಅಲೆನ್ ಮತ್ತು ನಟ ರಾಬರ್ಟ್ ರಯಾನ್.

ಇದರಲ್ಲೇನು ಸಾಹಸ ಎಂದು ನೀವು ಕೇಳಬಹುದು. ಆ ದೇಶದ ದೂರದರ್ಶನ ನಡೆಯುತ್ತಿದ್ದದ್ದು ಪ್ರಾಯೋಜಕರ ಹಣದಿಂದ. ಸಾಬೂನು, ಸಿಗರೇಟು ಮಾರುವವರಿಗೆ ವಿವಾದವೆಂದರೆ ನಡುಕ. 1950ರಲ್ಲಿ ಪ್ರಕಟವಾದ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ 151 ಜನರ ಹೆಸರು ಪಟ್ಟಿಮಾಡಿ, ಕಮ್ಯುನಿಸ್ಟರ ನಂಟಿನ ಸಂಶಯ ಹೊರಿಸಿ, ಅನೇಕರ ಕೆಲಸ ಕಸಿದಿತ್ತು. ಅಲೆನ್ ಕಮ್ಯುನಿಸ್ಟ್ ಸಿದ್ಧಾಂತವನ್ನು ಒಪ್ಪಿದವರಲ್ಲ. ಆದರೂ ಶಾಂತಿ ಎಂದವರೆಲ್ಲ ರಷ್ಯದ ಏಜೆಂಟರೆಂದು ಕರೆಸಿಕೊಳ್ಳುತ್ತಿದ್ದ ಕಾಲವದು.

ಪೆಟ್ಟು ಬಿದ್ದದ್ದು 1960ರಲ್ಲಿ. ‘ಸೇನ್’ ಒಳಗೆ ಕಮ್ಯುನಿಸ್ಟರು ನುಸುಳಿದ್ದಾರೆಂದು ಸೆನೆಟರ್ ಥಾಮಸ್ ಡಾಡ್ ಆರೋಪಿಸಿದರು. ಬೆದರಿದ ಸಂಘಟನೆ ತನ್ನವರನ್ನೇ ಸೋಸಲು ಹೊರಟಿತು. ಮನನೊಂದ ವಿಜ್ಞಾನಿ ಲೈನಸ್ ಪಾಲಿಂಗ್ ದೂರ ಸರಿದರು. ಶಾಂತಿಯ ಸಂಘಟನೆ ಸ್ವತಃ ಭಯಕ್ಕೆ ಬಲಿಯಾದದ್ದು ಈ ಕಥೆಯ ಕಹಿ ಭಾಗ. ಆದರೂ ಚಳವಳಿ ನಿಲ್ಲಲಿಲ್ಲ. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ಭಾರತವೂ ಅದೇ ತಿಂಗಳು ಸಹಿ ಹಾಕಿತು. ಅಮೆರಿಕದ ಸೆನೆಟ್ 80–19 ಮತಗಳಿಂದ ಅದನ್ನು ಒಪ್ಪಿತು. ವಾತಾವರಣ, ಅಂತರಿಕ್ಷ ಮತ್ತು ನೀರಿನಡಿಯ ಪರೀಕ್ಷೆಗಳಿಗಷ್ಟೇ ಅಡ್ಡಿ. ನೆಲದೊಳಗಿನ ಸ್ಫೋಟಗಳು ಮುಂದುವರಿದವು.

ಚರ್ಚೆಯ ಕಾರ್ಯಕ್ರಮಗಳನ್ನು ಮೆಚ್ಚುವ ನಿಮಗೆ ಇನ್ನೊಂದು ಸಂಗತಿ ಹೇಳಲೇಬೇಕು. 1977ರಿಂದ 1981ರವರೆಗೆ ಅಲೆನ್ ಸಾರ್ವಜನಿಕ ಪ್ರಸಾರ ಜಾಲಕ್ಕಾಗಿ ‘ಮೀಟಿಂಗ್ ಆಫ್ ಮೈಂಡ್ಸ್’ ಬರೆದು ನಡೆಸಿದರು. ಬೇರೆ ಬೇರೆ ಕಾಲದ ಮಹಾಶಯರು ಒಂದೇ ಮೇಜಿಗೆ ಬಂದು ಜಗಳವಾಡುತ್ತಾರೆ! ಮೊದಲ ಕಂತಿನಲ್ಲೇ ಕ್ಲಿಯೋಪಾತ್ರ, ಥಾಮಸ್ ಅಕ್ವಿನಾಸ್, ಥಾಮಸ್ ಪೇನ್, ಥಿಯೊಡೋರ್ ರೂಸ್‌ವೆಲ್ಟ್. ಕ್ಲಿಯೋಪಾತ್ರಳಾದವರು ಅಲೆನ್‌ರ ಪತ್ನಿ ಜೇನ್ ಮೆಡೋಸ್. ಸಿಟ್ಟಿನ ಪತ್ರ ಓದಿ ನಗಿಸಿದಾತ ಇಲ್ಲಿ ವಿರೋಧಿಗಳನ್ನು ಎದುರುಬದುರು ಕೂರಿಸಿ ಪೂರ್ತಿ ಮಾತಾಡಲು ಬಿಟ್ಟರು.

ಕೊನೆಯ ವರ್ಷಗಳಲ್ಲಿ ಅವರು ದೂರದರ್ಶನದ ಅಶ್ಲೀಲತೆಯ ವಿರುದ್ಧ ದನಿ ಎತ್ತಿದರು. ಆಗ ಜೊತೆಗೆ ನಿಂತವರು ಸಂಪ್ರದಾಯವಾದಿಗಳು. 2000ದ ಅಕ್ಟೋಬರ್ 30ರಂದು ಅಲೆನ್ ತೀರಿಕೊಂಡರು. ಈ ವಿಷಯವಾಗಿ ಅವರು ಬರೆದ ಪುಸ್ತಕ ಹೊರಬಂದದ್ದು ಮರುವರ್ಷ.